ಜಗ್ಗದ ಬೋಲ್ಟು ಹಿಡಿದಿರುವುದು ಎಲ್ಲಿ?

ಹಳೆಯದಾದ ವಾಹನದ ಹಿಂಬದಿಯ ಶಾಕ್ ಅಬ್ಸಾರ್ಬರ್ ಬದಲಾಯಿಸುವ ಕೆಲಸದಲ್ಲಿ ಹೊಸದನ್ನು ಕೂರಿಸುವುದಕ್ಕೆ ತಗಲುವ ಸಮಯ ತೀರ ಕಡಿಮೆ. ಹೊತ್ತು ಹೋಗುವುದೆಲ್ಲ ಹಳೆಯದನ್ನು ಹಿಡಿದಿಟ್ಟಿರುವ ಎರಡು ಬೋಲ್ಟುಗಳನ್ನು ಬಿಚ್ಚುವುದರಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ಯಾರೇಜುಗಳಲ್ಲಿ ‘ಬೋಲ್ಟ್ ಜಾಮ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವ ಈ ತೊಂದರೆಯ ಒಳಗೆ ನಿಜವಾಗಿ ಮೂರು ಬೇರೆ ಬೇರೆ ತೊಂದರೆಗಳಿದ್ದು, ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗದೆ ಹೋಗುವುದರಿಂದಲೇ ಬಹುಪಾಲು ಬೋಲ್ಟುಗಳು ಮುರಿಯುತ್ತವೆ, ಬ್ರ್ಯಾಕೆಟ್‌ಗಳು ಹರಿಯುತ್ತವೆ, ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಏರುತ್ತದೆ.

ಮೊದಲಿಗೆ ಶಾಕ್ ಅಬ್ಸಾರ್ಬರ್ ಎಂಬ ಭಾಗ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಅದರ ಹೆಸರೇ ತಪ್ಪು ಕಲ್ಪನೆಗೆ ಎಡೆಮಾಡಿಕೊಡುತ್ತದೆ. ಗುಂಡಿಯ ಹೊಡೆತವನ್ನು ಮೊದಲು ತಾಳುವುದು ಸ್ಪ್ರಿಂಗ್, ಅಂದರೆ ಸುರುಳಿ ಸ್ಪ್ರಿಂಗ್ ಅಥವಾ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಪಾಟಾ. ಆದರೆ ಹಾಗೆ ತಗ್ಗಿದ ಸ್ಪ್ರಿಂಗ್ ಮತ್ತೆ ಮೇಲೆದ್ದು, ಮತ್ತೆ ತಗ್ಗಿ, ಹಲವು ಬಾರಿ ಕುಣಿಯುವ ಸ್ವಭಾವದ್ದು. ಈ ಕುಣಿತವನ್ನು ಒಂದೆರಡು ಏರಿಳಿತಗಳಲ್ಲಿ ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರ್‌ನ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವಾಗ ಎಣ್ಣೆಯು ಅದರಲ್ಲಿರುವ ಸಣ್ಣ ರಂಧ್ರಗಳ ಮೂಲಕವೇ ಹಾದುಹೋಗಬೇಕಾಗುತ್ತದೆ. ಆ ತಡೆಯಿಂದಾಗಿ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಎಣ್ಣೆಯಲ್ಲಿ ನೊರೆ ಏಳದಂತೆ ಈಗಿನ ಅನೇಕ ಶಾಕ್ ಅಬ್ಸಾರ್ಬರ್‌ಗಳಲ್ಲಿ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಈ ಅನಿಲದ ಸಂಗತಿ ಮುಂದೆ ಬೆಂಕಿಯ ಮಾತು ಬಂದಾಗ ಮುಖ್ಯವಾಗುತ್ತದೆ. ಕೊಳವೆಯ ಹೊರಮೈಯಲ್ಲಿ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ, ಹಂಪ್ಸ್ ದಾಟಿದ ಮೇಲೂ ವಾಹನದ ಹಿಂಭಾಗ ತೂಗಾಡುತ್ತಿದ್ದರೆ, ಟೈರು ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಅದರ ಆಯುಷ್ಯ ಮುಗಿದಿದೆ ಎಂದು ತಿಳಿಯಬಹುದು. ಒಂದು ಕಡೆಯದು ಹಾಳಾದರೂ ಎರಡೂ ಕಡೆಯವನ್ನು ಒಟ್ಟಿಗೆ ಬದಲಿಸಬೇಕೆಂಬುದು ವ್ಯಾಪಾರದ ಮಾತಲ್ಲ. ಹೊಸದಕ್ಕೂ ಹಳೆಯದಕ್ಕೂ ತಡೆಯುವ ಬಲ ಬೇರೆಯಾದರೆ ತಿರುವಿನಲ್ಲಿ ವಾಹನ ಒಂದು ಮಗ್ಗುಲಿಗೆ ವಾಲುತ್ತದೆ.

ಹಿಂಬದಿಯ ಶಾಕ್ ಅಬ್ಸಾರ್ಬರ್‌ಗೆ ಎರಡು ತುದಿಗಳಿದ್ದು, ಮೇಲಿನದು ವಾಹನದ ಮೈಗೆ ಅಥವಾ ಚಾಸಿಗೆ, ಕೆಳಗಿನದು ಆಕ್ಸಲ್‌ಗೆ ಸೇರುತ್ತದೆ. ಈ ಭಾಗದಲ್ಲಿ ಹೆಚ್ಚು ಓಡುವ ಬೊಲೆರೊ, ಟ್ರ್ಯಾಕ್ಸ್ ಕ್ರೂಸರ್, ಟಾಟಾ ಏಸ್ ಮುಂತಾದವುಗಳ ಹಿಂಭಾಗದಲ್ಲಿ ಪಾಟಾ ಸ್ಪ್ರಿಂಗ್ ಇರುತ್ತದೆ. ಸ್ವಿಫ್ಟ್, ಡಿಸೈರ್ ಬಗೆಯ ಕಾರುಗಳಲ್ಲಿ ಸುರುಳಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಅದರ ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತದೆ. ಕಾರಿನಲ್ಲಿ ಸಾಮಾನ್ಯವಾಗಿ ಕೆಳತುದಿಯ ಉಂಗುರದೊಳಗೆ ರಬ್ಬರ್ ಬುಷ್, ಆ ರಬ್ಬರಿನ ನಡುವೆ ಒಂದು ಉಕ್ಕಿನ ಕೊಳವೆ, ಆ ಕೊಳವೆಯ ಒಳಗೆ ಹಾದುಹೋಗುವ ಬೋಲ್ಟು, ಬೋಲ್ಟಿನ ಕೊನೆಯಲ್ಲಿ ನಟ್ಟು, ಹೀಗೆ ಒಂದರೊಳಗೊಂದು ಜೋಡಣೆ ಇರುತ್ತದೆ. ಕೆಲವು ಕಾರುಗಳಲ್ಲಿ ನಟ್ಟು ಬಿಡಿಯಾಗಿರದೆ ಆಕ್ಸಲ್‌ನ ಬ್ರ್ಯಾಕೆಟ್‌ಗೆ ಬೆಸುಗೆಯಾಗಿರುತ್ತದೆ. ಪಾಟಾ ಇರುವ ಹಲವು ವಾಹನಗಳಲ್ಲಿ ಬೋಲ್ಟಿನ ಬದಲು ಚಾಸಿಯಿಂದಲೇ ಹೊರಚಾಚಿದ ಪಿನ್ನಿಗೆ ಶಾಕ್ ಅಬ್ಸಾರ್ಬರ್‌ನ ಉಂಗುರವನ್ನು ತೊಡಿಸಿ, ವಾಷರ್ ಇಟ್ಟು, ನಟ್ಟು ಬಿಗಿದಿರುತ್ತಾರೆ.

ಹೀಗಿರುವಾಗ ಬೋಲ್ಟು ಹಿಡಿದುಕೊಳ್ಳುವ ಜಾಗಗಳು ಮೂರು: ಬೋಲ್ಟಿನ ತಲೆ ಅಥವಾ ನಟ್ಟು ಲೋಹದ ಮೇಲೆ ಕುಳಿತ ಮೇಲ್ಮೈ, ನಟ್ಟಿಗೂ ಬೋಲ್ಟಿಗೂ ನಡುವಿನ ಥ್ರೆಡ್ ಎಂಬ ತಿರುಪಿನ ಎಳೆಗಳು, ಮತ್ತು ಬುಷ್‌ನ ಒಳಕೊಳವೆಗೂ ಬೋಲ್ಟಿನ ದಂಡಿಗೂ ನಡುವಿನ ಸಂದು. ಮೊದಲ ಎರಡು ಕಣ್ಣಿಗೆ ಕಾಣುವುದರಿಂದ ಎಲ್ಲರ ಗಮನವೂ ಅಲ್ಲಿಗೇ ಹೋಗುತ್ತದೆ. ಕಾರುಗಳಲ್ಲಿ ನಿಜವಾದ ಹಿಡಿತ ಇರುವುದು ಬಹಳಷ್ಟು ಸಲ ಮೂರನೆಯದರಲ್ಲಿ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ಕೊಟ್ಟೂರು ಸೀಮೆಯಲ್ಲಿ ದೇಗುಲಗಳ ಕೆತ್ತನೆಯನ್ನು ಕುರಿತು ಆಡುವ ಮಾತಿದೆ. ಶಾಕ್ ಅಬ್ಸಾರ್ಬರ್‌ನ ಕೆಳಬೋಲ್ಟು ಆ ಮಟ್ಟಿಗೆ ಉಜ್ಜಿನಿಯ ಪಂಗಡಕ್ಕೆ ಸೇರಿದ್ದು.

ಥ್ರೆಡ್‌ನ ಹಿಡಿತಕ್ಕೂ ಒಳಕೊಳವೆಯ ಹಿಡಿತಕ್ಕೂ ಇರುವ ವ್ಯತ್ಯಾಸವನ್ನು ಕೈಯೇ ಹೇಳುತ್ತದೆ. ಥ್ರೆಡ್ ಹಿಡಿದಿದ್ದರೆ ಸ್ಪ್ಯಾನರ್ ಅಥವಾ ಪಾನಾ ಹಾಕಿ ಒತ್ತಿದಾಗ ಕಲ್ಲಿಗೆ ಒತ್ತಿದಂತೆ ಏನೂ ಅಲುಗದು, ಅಲುಗಿದರೆ ಕಿರ್ರೆಂದು ಸ್ವಲ್ಪ ಸ್ವಲ್ಪವೇ ತಿರುಗುತ್ತದೆ ಮತ್ತು ತಿರುಗಿದಲ್ಲೇ ನಿಲ್ಲುತ್ತದೆ. ಒಳಕೊಳವೆ ಹಿಡಿದಿದ್ದರೆ ಬೋಲ್ಟು ಮೊದಲಿಗೆ ತಿರುಗಿದಂತೆ ತೋರುತ್ತದೆ, ಕೈ ಬಿಟ್ಟೊಡನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಏಕೆಂದರೆ ತಿರುಗಿದ್ದು ಬೋಲ್ಟು ಮತ್ತು ಕೊಳವೆ ಒಟ್ಟಾಗಿ, ಹಿಂದಕ್ಕೆ ಎಳೆದದ್ದು ಅವುಗಳ ಸುತ್ತಲೂ ತಿರುಚಿಕೊಂಡ ರಬ್ಬರು. ನಟ್ಟು ಸಲೀಸಾಗಿ ಕಳಚಿ ಬಂದರೂ ಬೋಲ್ಟು ಮಾತ್ರ ಹೊರಬರದಿದ್ದರೆ ಅದೂ ಇದೇ ಲಕ್ಷಣ. ಈ ಪರೀಕ್ಷೆಗೆ ಎರಡು ನಿಮಿಷವೂ ಬೇಡ, ಆದರೂ ಇದನ್ನು ಮಾಡದೆ ಉದ್ದನೆಯ ಪೈಪ್ ಹುಡುಕಲು ಹೊರಡುವವರೇ ಹೆಚ್ಚು.

ಈ ಸೀಮೆಯಲ್ಲಿ ಬೋಲ್ಟು ಏಕೆ ಹಿಡಿಯುತ್ತದೆ ಎಂಬ ಪ್ರಶ್ನೆಗೆ ತುಕ್ಕು ಎಂಬ ಒಂದು ಮಾತು ಸಾಲದು. ತುಕ್ಕು, ಅಥವಾ ಇಲ್ಲಿನ ಬಳಕೆಯ ಜಂಗು, ಹುಟ್ಟಬೇಕಾದರೆ ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಬೇಕು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಸಮುದ್ರದ ಉಪ್ಪು ಗಾಳಿಯಲ್ಲೇ ಇರುವ ಉಡುಪಿ, ಮಂಗಳೂರುಗಳಲ್ಲಿ ಬೋಲ್ಟಿನ ತಲೆಯೇ ಪದರ ಪದರವಾಗಿ ಕಳಚಿ ಪಾನಾಗೆ ಸಿಗದಂತಾಗುವುದುಂಟು. ಅದರ ಸುಮಾರು ಆರನೆಯ ಒಂದು ಪಾಲು ಮಳೆಯಷ್ಟೇ ಬೀಳುವ ಕೂಡ್ಲಿಗಿ, ಹರಪನಹಳ್ಳಿಯ ಕಡೆ ಅಂಥ ಸವೆತ ಅಪರೂಪ. ಬೋಲ್ಟಿನ ಒಡಲು ಗಟ್ಟಿಯಾಗಿಯೇ ಉಳಿದು ಮೇಲ್ಮೈ ಮಾತ್ರ ಕಚ್ಚಿಕೊಂಡಿರುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಕರಾವಳಿಯಲ್ಲಿ ನೇರವಾಗಿ ಕತ್ತರಿಸಿ ತೆಗೆಯುವುದೇ ಜಾಣತನವಾದ ಎಷ್ಟೋ ಕಡೆ ಬಯಲುಸೀಮೆಯಲ್ಲಿ ತಾಳ್ಮೆಯಿಂದ ಬಿಚ್ಚುವುದು ಸಾಧ್ಯ.

ಆದರೆ ಒಣ ಹವೆಯಲ್ಲೂ ಹಿಡಿತ ಹುಟ್ಟುವುದಕ್ಕೆ ಇಲ್ಲಿನವೇ ಆದ ಕಾರಣಗಳಿವೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಚಕ್ರದ ಗೂಡಿಗೆ ಮೆತ್ತಿಕೊಂಡರೆ ಮಳೆ ನಿಂತ ಎಷ್ಟೋ ದಿನಗಳವರೆಗೆ ತೇವವನ್ನು ಬಿಡುವುದಿಲ್ಲ. ಸುಗ್ಗಿಯ ಕಾಲಕ್ಕೆ ಹುರುಳಿ, ರಾಗಿ, ಜೋಳಗಳನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ರೂಢಿ ಇರುವ ಕಡೆ ಹುಲ್ಲು, ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಕೆಳಬೋಲ್ಟಿನ ಸುತ್ತ ಕಂತೆಯಾಗಿ ಕೂರುತ್ತವೆ. ಕುರಿ ಸಾಕಣೆ ಹೆಚ್ಚಿರುವ ಈ ನಾಡಿನಲ್ಲಿ ಸಂತೆಗೆ ಕುರಿ ತುಂಬಿಕೊಂಡು ಹೋಗುವ ಪಿಕಪ್‌ಗಳ ಹಲಗೆ ಸಂದುಗಳಿಂದ ಸೋರುವ ಮೂತ್ರದಲ್ಲಿ ಲವಣವೂ ಅಮೋನಿಯಾ ಅಂಶವೂ ಇರುತ್ತವೆ. ರಸಗೊಬ್ಬರದ ಚೀಲ ಹರಿದು ಉದುರುವ ಪೊಟ್ಯಾಷ್ ಎಂಬುದು ರಾಸಾಯನಿಕವಾಗಿ ಉಪ್ಪಿನ ನೆಂಟನೇ. ಲವಣ ಸೇರಿದ ಮೇಲ್ಮೈ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಳೆ ಇಲ್ಲದ ತಿಂಗಳಲ್ಲೂ ತುಕ್ಕು ನಿಲ್ಲದು. ಕೆಂಪು ಬಣ್ಣ ಕಂಡೊಡನೆ ತುಕ್ಕೆಂದು ತೀರ್ಮಾನಿಸುವಂತೆಯೂ ಇಲ್ಲ: ಸಂಡೂರು, ಹೊಸಪೇಟೆ ಭಾಗದಲ್ಲಿ ಅದಿರಿನ ಹಾದಿಯಲ್ಲಿ ಓಡಾಡಿದ ವಾಹನಗಳ ಅಡಿಭಾಗದ ಕೆಂಪು ಬಹುಮಟ್ಟಿಗೆ ಹೆಮಟೈಟ್ ಎಂಬ ಅದಿರಿನ ಧೂಳು, ತಂತಿಯ ಬ್ರಷ್‌ನಿಂದ ಉಜ್ಜಿದರೆ ಅದರಡಿ ಹೊಳೆಯುವ ಬೋಲ್ಟು ಸಿಗಬಹುದು.

ನೀರಿನ ಹಂಗಿಲ್ಲದೆ ಹುಟ್ಟುವ ಹಿಡಿತವೂ ಒಂದಿದೆ. ಬೋಲ್ಟು ಸರಿಯಾಗಿ ಬಿಗಿಯಾಗಿರದಿದ್ದರೆ ಒಳಕೊಳವೆಗೂ ಬೋಲ್ಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಉಜ್ಜಾಟ ನಡೆಯುತ್ತಲೇ ಇರುತ್ತದೆ. ಉಜ್ಜಿದಾಗ ಎದ್ದ ನಯವಾದ ಉಕ್ಕಿನ ಹುಡಿ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಂಗಂದು ಪುಡಿಯಾಗಿ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಹೆಚ್ಚು ಜಾಗವನ್ನು ಬೇಡುವುದರಿಂದ, ಹೊರಹೋಗಲು ದಾರಿ ಇಲ್ಲದ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಆ ಕೊಳವೆಯಲ್ಲಿ ಅದು ಬೆಣೆ ಹೊಡೆದಂತೆ ಬೋಲ್ಟನ್ನು ಅಮುಕಿ ಹಿಡಿಯುತ್ತದೆ. ಹಳ್ಳಿಗೊಂದರಂತೆ ಹಂಪ್ಸ್ ಇರುವ, ಜಾತ್ರೆಯ ದಿನಗಳಲ್ಲಿ ಕೊಟ್ಟೂರಿಗೂ ಮೈಲಾರಕ್ಕೂ ಕೂರುವಷ್ಟು ಜನರಿಗಿಂತ ಹೆಚ್ಚು ಜನರನ್ನು ಹೇರಿಕೊಂಡು ಹೋಗುವ ವಾಹನಗಳಲ್ಲಿ ಈ ಉಜ್ಜಾಟಕ್ಕೆ ಬಿಡುವೆಂಬುದಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ ಹಿಂದೊಮ್ಮೆ ಯಾರೋ ಅವಸರದಲ್ಲಿ ಮಾಡಿದ ರಿಪೇರಿ, ಅಂದರೆ ಓರೆಯಾಗಿ ಹತ್ತಿಸಿದ ನಟ್ಟು, ಅಳತೆ ಬೇರೆಯಾದ ಬೋಲ್ಟು, ಗಾಳಿ ಗನ್‌ನಿಂದ ಮಿತಿಮೀರಿ ಬಿಗಿದ ಬಿಗಿ, ಹವೆ ಮತ್ತು ಮಣ್ಣುಗಳಿಗಿಂತ ದೊಡ್ಡ ಶತ್ರು.

ಪಾನಾ ಹಿಡಿಯುವ ಮೊದಲು ವಾಹನವನ್ನು ನಿಲ್ಲಿಸುವ ಬಗೆ ತಿಳಿದಿರಬೇಕು. ಸಮತಟ್ಟಾದ ಗಟ್ಟಿ ನೆಲದ ಮೇಲೆ ಮುಂದಿನ ಚಕ್ರಗಳಿಗೆ ಅಡೆಯಿಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಚಾಸಿಗೆ ಸ್ಟ್ಯಾಂಡ್ ಕೊಡದೆ ಯಾರೂ ಅಡಿಗೆ ಇಳಿಯಬಾರದು. ಜಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ, ಇನ್ನು ಇಟ್ಟಿಗೆ, ಕಲ್ಲುಗಳ ಅಟ್ಟಣೆಯಂತೂ ಪಾನಾದ ಮೇಲೆ ಬಲ ಹಾಕಿದ ಕೂಡಲೇ ಜಾರುವಂಥದ್ದು. ಸುರುಳಿ ಸ್ಪ್ರಿಂಗ್ ಇರುವ ಕಾರುಗಳಲ್ಲಿ ಆಕ್ಸಲ್ ಎಷ್ಟು ಕೆಳಗಿಳಿಯಬೇಕೆಂಬುದನ್ನು ಶಾಕ್ ಅಬ್ಸಾರ್ಬರೇ ತಡೆದು ಹಿಡಿದಿರುವುದರಿಂದ, ಅದನ್ನು ಕಳಚುವ ಮುನ್ನ ಆಕ್ಸಲ್‌ಗೆ ಬೇರೊಂದು ಜಾಕ್ ಕೊಟ್ಟಿರಬೇಕು. ಇಲ್ಲದಿದ್ದರೆ ಬೋಲ್ಟು ಬಿಟ್ಟ ಕ್ಷಣದಲ್ಲಿ ಆಕ್ಸಲ್ ಕುಸಿದು ಸ್ಪ್ರಿಂಗ್ ಜಾರಬಹುದು, ಬ್ರೇಕಿನ ರಬ್ಬರ್ ಪೈಪ್ ಜಗ್ಗಿ ಹರಿಯಬಹುದು. ಈ ಎರಡನೆಯ ಜಾಕ್‌ನಿಂದ ಇನ್ನೊಂದು ಉಪಕಾರವೂ ಇದೆ. ಆಕ್ಸಲ್‌ನ ಭಾರವೆಲ್ಲ ಬೋಲ್ಟಿನ ಮೇಲೆ ಜೋತುಬಿದ್ದಿರುವಾಗ ಎಷ್ಟು ತಿರುಗಿಸಿದರೂ ಹೊರಬಾರದ ಬೋಲ್ಟು, ಜಾಕನ್ನು ಬೆರಳಿನಷ್ಟು ಏರಿಸಿಯೋ ಇಳಿಸಿಯೋ ಆ ಭಾರವನ್ನು ತೆಗೆದಾಗ ತಾನಾಗಿ ಸಡಿಲವಾಗುವುದುಂಟು. ಸ್ಪ್ರಿಂಗಿನ ನಡುವೆಯೇ ಶಾಕ್ ಅಬ್ಸಾರ್ಬರ್ ಇರುವ ಜೋಡಿ ಬಗೆಯಾದರೆ, ಸ್ಪ್ರಿಂಗ್ ಅಮುಕುವ ಸಾಧನವಿಲ್ಲದೆ ಅದರ ಮೇಲಿನ ನಡುನಟ್ಟಿಗೆ ಕೈಹಾಕುವುದು ಪ್ರಾಣಕ್ಕೇ ಅಪಾಯ.

ಬಿಚ್ಚುವ ಕೆಲಸದ ಮೊದಲ ಹಂತ ಶುಚಿ ಮಾಡುವುದು. ಹುಲ್ಲು, ಮಣ್ಣು ತೆಗೆದು, ಹೊರಗೆ ಚಾಚಿರುವ ಥ್ರೆಡ್‌ಗಳನ್ನು ತಂತಿಯ ಬ್ರಷ್‌ನಿಂದ ಉಜ್ಜದೆ ನಟ್ಟು ತಿರುಗಿಸಿದರೆ, ನಟ್ಟು ಆ ಕೊಳೆಯನ್ನೇ ತನ್ನೊಳಗೆ ಎಳೆದುಕೊಂಡು ಅರ್ಧ ದಾರಿಯಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ. ಎರಡನೆಯದು ಎಣ್ಣೆ. ಸಂದಿಗೆ ಇಳಿಯುವ ಎಣ್ಣೆಯ ಗುಣ ಅದರ ಜಾರಿಕೆಯಲ್ಲಿ ಮಾತ್ರವಲ್ಲ, ತೆಳುವಿನಲ್ಲಿದೆ. ದಪ್ಪ ಎಂಜಿನ್ ಎಣ್ಣೆ ಮೇಲೆಯೇ ನಿಲ್ಲುತ್ತದೆ, ತೆಳುವಾದದ್ದು ಬತ್ತಿಯಲ್ಲಿ ಏರುವಂತೆ ಕಿರಿದಾದ ಸಂದಿನಲ್ಲಿ ತಾನಾಗಿ ಹರಿಯುತ್ತದೆ. ಹಿಂದೆ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ ಬಳಸುತ್ತಿದ್ದ ಮೆಕ್ಯಾನಿಕ್‌ಗಳು ಪಡಿತರದ ಸೀಮೆಎಣ್ಣೆ ಅಪರೂಪವಾದ ಮೇಲೆ ಡೀಸೆಲ್‌ಗೆ ತಿರುಗಿದ್ದಾರೆ. ಎರಡೂ ಕೆಲಸ ಮಾಡುತ್ತವೆ, ಆದರೆ ನಿಧಾನ. ಎಲ್ಲ ಅಂಗಡಿಗಳಲ್ಲೂ ಸಿಗುವ ಡಬ್ಲ್ಯುಡಿ-40 ಎಂಬ ಸ್ಪ್ರೇ ಅಮೆರಿಕದಲ್ಲಿ 1953ರಲ್ಲಿ ಲೋಹದ ಮೇಲಿನ ತೇವವನ್ನು ಓಡಿಸುವುದಕ್ಕೆಂದು ತಯಾರಾದದ್ದು, ನಲವತ್ತನೆಯ ಪ್ರಯತ್ನದಲ್ಲಿ ಕೂಡಿಬಂದದ್ದರಿಂದ ಆ ಸಂಖ್ಯೆ ಹೆಸರಿನಲ್ಲಿದೆ. ತುಕ್ಕು ಬಿಡಿಸುವುದಕ್ಕೇ ಮಾಡಿದ ಸ್ಪ್ರೇಗಳು ಬೇರೆ ಸಿಗುತ್ತವೆ ಮತ್ತು ಹಟಮಾರಿ ಬೋಲ್ಟಿಗೆ ಅವೇ ಮೇಲು. ಯಾವುದನ್ನೇ ಬಳಸಿದರೂ ಅದಕ್ಕೆ ಬೇಕಾದದ್ದು ಸಮಯ. ಹಿಂದಿನ ದಿನ ಸಂಜೆಯೇ ಹಾಕಿ, ರಾತ್ರಿ ಮತ್ತೊಮ್ಮೆ ಹಾಕಿ, ಬೆಳಗ್ಗೆ ಬಿಚ್ಚಲು ಹೊರಟವರಿಗೂ, ಸಿಂಪಡಿಸಿ ಐದು ನಿಮಿಷಕ್ಕೆ ಪಾನಾ ಎತ್ತಿಕೊಂಡವರಿಗೂ ಸಿಗುವ ಫಲ ಒಂದೇ ಅಲ್ಲ. ಒಳಕೊಳವೆ ಹಿಡಿದಿರುವಲ್ಲಿ ಎಣ್ಣೆಯನ್ನು ನಟ್ಟಿಗೆ ಸುರಿದು ಪ್ರಯೋಜನವಿಲ್ಲ. ಬುಷ್‌ಗೂ ಬ್ರ್ಯಾಕೆಟ್‌ಗೂ ನಡುವಿನ ಕೂದಲೆಳೆಯ ಸಂದಿಗೆ ಎರಡೂ ಕಡೆಯಿಂದ ಹನಿಸಬೇಕು.

ಎಣ್ಣೆಗೆ ದಾರಿ ಮಾಡಿಕೊಡುವುದು ಸುತ್ತಿಗೆ. ಬೋಲ್ಟಿನ ತಲೆಯ ಮೇಲೆ ನೇರವಾಗಿ, ಜೋರಿಲ್ಲದ ಆದರೆ ಬಿಗುವಾದ ಏಟುಗಳನ್ನು ಹಲವು ಸಲ ಕೊಟ್ಟರೆ ಪೆಡಸಾದ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಅನಂತರ ಮೊದಲು ಬಿಗಿಯುವ ದಿಕ್ಕಿಗೆ ಸ್ವಲ್ಪವೇ ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ ತರುವುದು ಹಳೆಯ ಕುಶಲಕರ್ಮಿಗಳ ಕ್ರಮ. ತುಕ್ಕಿನ ಬಂಧ ಒಮ್ಮೆ ಮುರಿದರೆ ಸಾಕು, ಅದು ಯಾವ ದಿಕ್ಕಿನಲ್ಲಿ ಮುರಿಯಿತೆಂಬುದು ಮುಖ್ಯವಲ್ಲ. ಕಾಲು ಸುತ್ತು ಬಂದ ಮೇಲೆ ಮತ್ತೆ ಎಣ್ಣೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಹೀಗೆ ಬೋಲ್ಟನ್ನು ಹೊರತರಬೇಕೇ ಹೊರತು ಒಂದೇ ಉಸಿರಿಗೆ ಎಳೆಯಬಾರದು. ಪಾನಾ ಕೂಡ ನಟ್ಟಿನ ಆರೂ ಮುಖಗಳನ್ನು ತಬ್ಬಿ ಹಿಡಿಯುವ ಆರು ಮೂಲೆಯ ಬಾಕ್ಸ್ ಅಥವಾ ರಿಂಗ್ ಆಗಿರಬೇಕು. ಎರಡೇ ಮುಖ ಹಿಡಿಯುವ ಬಾಯ್ತೆರೆದ ಪಾನಾ ಇಂಥಲ್ಲಿ ನಟ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ನಟ್ಟು ಸ್ಲಿಪ್ ಆಗುತ್ತದೆ.

ಉದ್ದನೆಯ ಪೈಪಿನ ವಿಚಾರಕ್ಕೆ ಲೆಕ್ಕವೇ ಉತ್ತರ ಹೇಳಬಲ್ಲದು. ತಿರುಗಿಸುವ ಬಲವನ್ನು ಟಾರ್ಕ್ ಎನ್ನುತ್ತಾರೆ, ಅದರ ಅಳತೆ ನ್ಯೂಟನ್ ಮೀಟರ್; ಒಂದು ಮೀಟರ್ ಉದ್ದದ ಪಾನಾದ ತುದಿಗೆ ಒಂದು ಕಿಲೋ ತೂಕ ತೂಗುಬಿಟ್ಟರೆ ಬೀಳುವ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್. ಬೋಲ್ಟಿನ ತಲೆಯ ಮೇಲಿನ 8.8 ಎಂಬ ಗುರುತಿನಲ್ಲಿ ಮೊದಲ ಅಂಕಿ ಒಂದು ಚದರ ಮಿಲಿಮೀಟರ್ ಉಕ್ಕು ಸುಮಾರು 800 ನ್ಯೂಟನ್ ಎಳೆತಕ್ಕೆ ತುಂಡಾಗುತ್ತದೆಂದೂ, ಎರಡನೆಯದು ಅದರ ಹತ್ತರಲ್ಲಿ ಎಂಟು ಪಾಲು ಬಲಕ್ಕೇ ಅದು ಮರಳಿ ಬಾರದಂತೆ ಹಿಗ್ಗುತ್ತದೆಂದೂ ತಿಳಿಸುತ್ತದೆ. ಇಂಥ 12 ಮಿಲಿಮೀಟರ್ ಬೋಲ್ಟು ಹಿಡಿದುಕೊಂಡಿರುವಾಗ, ಸ್ಥೂಲ ಲೆಕ್ಕದಲ್ಲಿ 120ರಿಂದ 150 ನ್ಯೂಟನ್ ಮೀಟರ್ ಟಾರ್ಕಿಗೆ ತಿರುಚಿ ತುಂಡಾಗುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯ ಮೂವತ್ತು ಸೆಂಟಿಮೀಟರ್ ಹಿಡಿಯ ತುದಿಗೆ ಮೈಭಾರ ಹಾಕಿದರೆ ಬೀಳುವ ಬಲವೇ ಸುಮಾರು 175. ಮೂರಡಿ ಪೈಪ್ ಸೇರಿಸಿದರೆ ಅದು ಐನೂರನ್ನು ಮೀರುತ್ತದೆ. ಅಂದರೆ ಬೋಲ್ಟು ಮುರಿಯುವುದಕ್ಕೆ ಪೈಪ್ ಬೇಕೇ ಇಲ್ಲ. ಪೈಪ್‌ನಿಂದ ಆಗುವುದೇನೆಂದರೆ ಮುರಿಯುವ ಮುನ್ನ ಕೈಗೆ ತಿಳಿಯಬೇಕಾದ ಸೂಚನೆ ತಿಳಿಯದೆ ಹೋಗುತ್ತದೆ. ಪಾನಾ ತಿರುಗುತ್ತಿದ್ದರೂ ಬಲ ಹೆಚ್ಚದೆ ಮೆತ್ತಗಾಗುತ್ತ ಬಂದರೆ ಬೋಲ್ಟು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸುವುದು ಒಳಿತು. ಇದೇ ಕಾರಣಕ್ಕೆ ಕ್ಷಣಕ್ಷಣಕ್ಕೂ ಸಣ್ಣ ಏಟುಗಳನ್ನು ಕೊಡುವ ಇಂಪ್ಯಾಕ್ಟ್ ಗನ್, ಹೆದ್ದಾರಿಯ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಲು ಬಳಸುವಂಥದ್ದು, ಒಂದೇ ಸಮನೆ ಎಳೆಯುವ ಪೈಪ್‌ಗಿಂತ ಸುರಕ್ಷಿತ. ಆದರೆ ಒಳಕೊಳವೆ ಹಿಡಿದ ಬೋಲ್ಟಿನ ಮುಂದೆ ಅದೂ ಸೋಲುತ್ತದೆ: ಅದರ ಏಟುಗಳನ್ನೆಲ್ಲ ಬುಷ್‌ನ ರಬ್ಬರು ನುಂಗಿಬಿಡುತ್ತದೆ.

ಕಾಯಿಸುವುದು ಬಹು ಪರಿಣಾಮದ ಉಪಾಯ, ಅಷ್ಟೇ ಅಪಾಯದ್ದು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ; 12 ಮಿಲಿಮೀಟರ್ ರಂಧ್ರದ ನಟ್ಟನ್ನು ಬೋಲ್ಟಿಗಿಂತ 300 ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರ ಅಗಲವಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಮಾತ್ರ. ಇಷ್ಟು ಅಲ್ಪ ಹಿಗ್ಗುವಿಕೆಯೂ ತುಕ್ಕಿನ ಬಂಧವನ್ನು ಮುರಿಯಲು ಸಾಕಾಗುತ್ತದೆ. ಆದರೆ ಹಿಂಬದಿಯ ಶಾಕ್ ಅಬ್ಸಾರ್ಬರ್ ಇರುವ ಜಾಗದಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್, ಇಂಧನದ ಪೈಪು, ಬ್ರೇಕಿನ ಪೈಪು ಎಲ್ಲವೂ ಮೊಳದಂತರದಲ್ಲಿರುತ್ತವೆ. ಆಗಷ್ಟೇ ಹಾಕಿದ ಎಣ್ಣೆ ಉರಿಯುವಂಥದ್ದು. ಆಕ್ಸಲ್‌ಗೆ ಸುತ್ತಿದ ಹುರುಳಿ ಹೊಟ್ಟು ಕಿಡಿಯನ್ನೇ ಕಾಯುತ್ತಿರುತ್ತದೆ. ಶಾಕ್ ಅಬ್ಸಾರ್ಬರ್‌ನೊಳಗಿನ ಅನಿಲ ಮತ್ತು ಎಣ್ಣೆ ಕಾದರೆ ಕೊಳವೆ ಸಿಡಿಯಬಹುದು. ಸತುವಿನ ಲೇಪವಿರುವ ಬೋಲ್ಟು ಕಾದಾಗ ಏಳುವ ಬಿಳಿ ಹೊಗೆ ಉಸಿರಿಗೆ ಹೋದರೆ ಜ್ವರ ಬರುತ್ತದೆ. ಆದ್ದರಿಂದ ಗ್ಯಾಸ್ ಕಟಿಂಗ್‌ನ ಜ್ವಾಲೆಯನ್ನು ಬುಷ್‌ನ ಬಳಿಗೆ ಒಯ್ಯುವುದು ಯಾವ ಕಾರಣಕ್ಕೂ ಸಮರ್ಥನೀಯವಲ್ಲ. ಹಾಗೊಮ್ಮೆ ಕಾಯಿಸಲೇಬೇಕಾಗಿ ಬಂದರೆ ಬ್ರ್ಯಾಕೆಟ್‌ಗೆ ಬೆಸೆದ ನಟ್ಟಿನ ಭಾಗವನ್ನಷ್ಟೇ, ಎಣ್ಣೆ ಹೊಟ್ಟುಗಳನ್ನೆಲ್ಲ ಒರೆಸಿ ತೆಗೆದು, ಬಿಸಿಗಾಳಿಯ ಗನ್‌ನಿಂದ ಅಥವಾ ವಿದ್ಯುತ್ ಸುರುಳಿಯಿಂದ ಕಾಯಿಸಬಹುದು.

ಮೇಲಿನ ತುದಿಯ ತೊಂದರೆ ಬೇರೆ ಜಾತಿಯದು. ಕಾರುಗಳಲ್ಲಿ ಹೆಚ್ಚಾಗಿ ಪಿಸ್ಟನ್ ದಂಡದ ತುದಿಗೇ ಥ್ರೆಡ್ ಇರುವುದರಿಂದ ನಟ್ಟು ತಿರುಗಿಸಿದರೆ ದಂಡವೂ ಜೊತೆಗೆ ತಿರುಗುತ್ತದೆ, ನಟ್ಟು ಮಾತ್ರ ಬಿಚ್ಚುವುದಿಲ್ಲ. ದಂಡದ ತುದಿಯಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಮುಖಗಳನ್ನೋ ಅಲೆನ್ ಕೀ ಹೋಗುವ ಕುಳಿಯನ್ನೋ ಬಿಟ್ಟಿರುತ್ತಾರೆ. ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನಟ್ಟು ತಿರುಗಿಸಬೇಕು. ಆ ಮುಖಗಳು ಸವೆದುಹೋಗಿದ್ದರೆ ಪೈಪ್ ರೆಂಚ್‌ನಿಂದ ದಂಡವನ್ನೇ ಕಚ್ಚಿ ಹಿಡಿಯಬಹುದು. ಎಸೆಯುವ ದಂಡಕ್ಕೆ ಗೀರು ಬಿದ್ದರೆ ನಷ್ಟವೇನಿಲ್ಲ, ಹೊಸದಕ್ಕೆ ಹಾಗೆ ಮಾಡಿದರೆ ಮಾತ್ರ ಸೀಲ್ ಹರಿದು ಒಂದೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ.

ಎಸೆಯುವ ವಸ್ತುವಿಗೆ ನಷ್ಟವಿಲ್ಲ ಎಂಬ ಈ ಮಾತು ಇಡೀ ಕೆಲಸಕ್ಕೇ ಅನ್ವಯಿಸಬೇಕಾದದ್ದು. ಹಿಡಿದುಕೊಂಡ ಜೋಡಣೆಯಲ್ಲಿ ಶಾಕ್ ಅಬ್ಸಾರ್ಬರ್ ಹೇಗೂ ಗುಜರಿಗೆ ಹೋಗುವಂಥದ್ದು, ಬೋಲ್ಟು ಅಗ್ಗದ್ದು, ನಿಜವಾಗಿ ಉಳಿಸಿಕೊಳ್ಳಬೇಕಾದದ್ದು ಆಕ್ಸಲ್‌ನ ಬ್ರ್ಯಾಕೆಟ್ ಮತ್ತು ಅದಕ್ಕೆ ಬೆಸೆದ ನಟ್ಟು ಅಥವಾ ಚಾಸಿಯ ಪಿನ್ನು. ಇದನ್ನು ಮರೆತು ಬೋಲ್ಟನ್ನು ಉಳಿಸುವ ಹಟದಲ್ಲಿ ಬ್ರ್ಯಾಕೆಟ್ ಬಗ್ಗಿಸಿಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಬೋಲ್ಟು ಒಳಕೊಳವೆಗೆ ಪೂರ್ತಿ ಬೆಸೆದುಕೊಂಡಿದ್ದರೆ, ನಟ್ಟನ್ನು ಬೋಲ್ಟಿನ ತುದಿಗೆ ಸಮನಾಗುವವರೆಗೆ ಮಾತ್ರ ಬಿಚ್ಚಿ, ಥ್ರೆಡ್ ಕೆಡದಂತೆ ಅದರ ಮೇಲೆ ಸುತ್ತಿಗೆಯಿಂದ ಹೊಡೆದು ಹೊರದಬ್ಬಲು ನೋಡಬೇಕು. ಒಂದು ಕೂದಲಿನಷ್ಟೂ ಸರಿಯದಿದ್ದರೆ ಬ್ರ್ಯಾಕೆಟ್‌ಗೂ ಬುಷ್‌ಗೂ ನಡುವೆ ಆಕ್ಸಾ ಬ್ಲೇಡ್ ತೂರಿಸಿ ಎರಡೂ ಬದಿಯಲ್ಲಿ ಬೋಲ್ಟನ್ನು ಕೊಯ್ಯುವುದೇ ಮರ್ಯಾದೆಯ ದಾರಿ. ಗ್ರೈಂಡರ್ ಬೇಗ ಕೊಯ್ಯುತ್ತದೆ, ಕಿಡಿಯನ್ನೂ ಹಾರಿಸುತ್ತದೆ. ಟ್ಯಾಂಕಿನ ದಿಕ್ಕಿಗೆ ಒದ್ದೆ ಗೋಣಿಚೀಲ ಮುಚ್ಚಿ, ಕಣ್ಣಿಗೆ ಕನ್ನಡಕ ಹಾಕಿ, ಪಕ್ಕದಲ್ಲಿ ಮರಳು ಇಟ್ಟುಕೊಂಡೇ ಅದನ್ನು ಬಳಸಬೇಕು. ಪಿನ್ನಿನ ಮೇಲೆ ನಟ್ಟು ಹಿಡಿದಿದ್ದರೆ ನಟ್ಟಿನ ಒಂದು ಮುಖವನ್ನು ಥ್ರೆಡ್ ಮುಟ್ಟದಷ್ಟು ಆಳಕ್ಕೆ ಗೀರಿ, ಉಳಿಯಿಂದ ಬಡಿದು ಸೀಳಿದರೆ ಪಿನ್ನು ಉಳಿಯುತ್ತದೆ. ಬೆಸೆದ ನಟ್ಟಿನೊಳಗೆ ಬೋಲ್ಟು ತುಂಡಾಗಿ ನಿಂತರೆ, ಹೊರಗೆ ತುದಿ ಚಾಚಿರುವಲ್ಲಿ ಅದಕ್ಕೊಂದು ಹೊಸ ನಟ್ಟನ್ನು ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗ್‌ನ ಕಾವೇ ಅರ್ಧ ಬಂಧವನ್ನು ಸಡಿಲಿಸುತ್ತದೆ, ಆದರೆ ಅದಕ್ಕೆ ಮೊದಲು ಬ್ಯಾಟರಿಯ ತಂತಿ ಕಳಚಿ ಹಳೆಯ ಶಾಕ್ ಅಬ್ಸಾರ್ಬರನ್ನು ಪಕ್ಕಕ್ಕಿಟ್ಟಿರಬೇಕು. ತುದಿ ಒಳಗೇ ಉಳಿದರೆ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್‌ನಿಂದ ಆರಂಭಿಸಿ ಕೊರೆಯುತ್ತ ಹೋಗಬೇಕಾಗುತ್ತದೆ. ಇದು ಪಟ್ಟಣದ ಲೇಥ್ ಅಂಗಡಿಯವರ ಕೈಚಳಕಕ್ಕೆ ಬಿಡಬೇಕಾದ ಕೆಲಸ.

ಹೊಸದನ್ನು ಜೋಡಿಸುವಾಗ ಮುಂದಿನ ಸಲದ ಬಿಚ್ಚುವಿಕೆಯನ್ನೂ ಯೋಚಿಸಬೇಕು. ಹಳೆಯ ಬೋಲ್ಟಿನ ಬದಲು ಅದೇ ದಪ್ಪದ, ಅದೇ ಉದ್ದದ, ತಲೆಯ ಮೇಲೆ ಅದೇ ಗುರುತಿರುವ ಬೋಲ್ಟನ್ನೇ ತರಬೇಕು. 12 ಮಿಲಿಮೀಟರ್ ಬೋಲ್ಟುಗಳಲ್ಲೇ ಥ್ರೆಡ್‌ನ ಎಳೆಯಿಂದ ಎಳೆಗೆ 1.75 ಮಿಲಿಮೀಟರ್ ಅಂತರವಿರುವುದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯ, ಜಪಾನಿನ ಮಾದರಿಯ ಕಾರುಗಳಲ್ಲಿ ಅದು ಹೆಚ್ಚಾಗಿ 1.25. ಒಂದರ ನಟ್ಟಿಗೆ ಇನ್ನೊಂದನ್ನು ಬಲವಂತವಾಗಿ ಹತ್ತಿಸಿದರೆ ಮೊದಲ ಎರಡು ಸುತ್ತು ಹೋದಂತೆ ಕಂಡು ಅಲ್ಲೇ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ದಂಡಿಗೆ, ಒಳಕೊಳವೆಯಲ್ಲಿ ಕೂರುವ ಭಾಗಕ್ಕೆ, ತೆಳುವಾಗಿ ಗ್ರೀಸ್ ಸವರುವುದು ಕೆಲವು ರೂಪಾಯಿಗಳ ವೆಚ್ಚದಲ್ಲಿ ಈ ಎಲ್ಲ ಕಾಟವನ್ನು ತಪ್ಪಿಸುತ್ತದೆ. ಥ್ರೆಡ್‌ಗೆ ಮಾತ್ರ ಯಥೇಚ್ಛವಾಗಿ ಹಚ್ಚಬಾರದು: ಬಿಗಿಯುವಾಗ ಹಾಕಿದ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಲೆಯಡಿಯ ಮತ್ತು ಥ್ರೆಡ್‌ನ ಉಜ್ಜಾಟಕ್ಕೇ ಹೋಗಿ, ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುತ್ತದೆ; ಗ್ರೀಸ್ ಆ ಉಜ್ಜಾಟವನ್ನು ತಗ್ಗಿಸಿದಾಗ ಅದೇ ಟಾರ್ಕಿಗೆ ಬೋಲ್ಟು ಬಹಳ ಹೆಚ್ಚು ಎಳೆತಕ್ಕೆ ಸಿಕ್ಕಿಬಿಡುತ್ತದೆ. ಒಳಗೆ ಪ್ಲಾಸ್ಟಿಕ್ ಉಂಗುರವಿರುವ ಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು.

ಕೊನೆಯ ಬಿಗಿಯನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊಡುವುದು ಬಹಳ ಗ್ಯಾರೇಜುಗಳ ರೂಢಿ. ಒಳಕೊಳವೆಯಿರುವ ಬುಷ್‌ಗೆ ಇದರಿಂದ ಹಾನಿಯೇ, ಏಕೆಂದರೆ ಬಿಗಿದ ಕ್ಷಣದಲ್ಲಿ ಕೊಳವೆ ಯಾವ ಕೋನದಲ್ಲಿತ್ತೋ ಅದನ್ನೇ ರಬ್ಬರು ತನ್ನ ವಿಶ್ರಾಂತಿಯ ಸ್ಥಿತಿಯೆಂದು ಹಿಡಿಯುತ್ತದೆ. ವಾಹನ ನೆಲಕ್ಕಿಳಿದಾಗ ಅದು ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಬೋಲ್ಟನ್ನು ಕೈಬಿಗಿಯಲ್ಲಿ ಬಿಟ್ಟು, ವಾಹನವನ್ನು ಇಳಿಸಿ ಅಥವಾ ಆಕ್ಸಲ್ ಅನ್ನು ಜಾಕ್‌ನಿಂದ ಅದರ ಸಹಜ ಎತ್ತರಕ್ಕೆ ಏರಿಸಿ, ಆಮೇಲೆ ತಯಾರಕರ ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿಯಬೇಕು. ಕಳಚಿದ ಹಳೆಯ ಶಾಕ್ ಅಬ್ಸಾರ್ಬರ್ ಗುಜರಿಯ ತಕ್ಕಡಿಗೆ ಹೋಗುವಾಗಲೂ ಅದರಲ್ಲಿ ಎಣ್ಣೆ ಇದ್ದೇ ಇರುತ್ತದೆ, ಅನಿಲದ ಬಗೆಯದಾದರೆ ಒತ್ತಡವೂ. ಗುಜರಿ ಅಂಗಡಿಯಲ್ಲಿ ಅದನ್ನು ಗ್ಯಾಸ್ ಕಟಿಂಗ್‌ನಿಂದ ತುಂಡರಿಸುವವರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ, ಅನಿಲ ತುಂಬಿದ್ದೆಂಬ ಸಂಗತಿಯನ್ನು ಕೊಳವೆಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡುವುದು ಗ್ಯಾರೇಜಿನವರ ಕೆಲಸದಲ್ಲಿಯೇ ಸೇರಬೇಕು.